ಬ್ರೇಕ್ ಹೊಸದು, ಪೆಡಲ್ ಏಕೆ ಮೆತ್ತಗೆ?

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಮೋಟಾರು ಗ್ಯಾರೇಜಿಗೂ ಸಲ್ಲುತ್ತದೆ. ಹಳೆಯ ಅಂಬಾಸಡರ್ ಕಾರಿನ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸುವುದು, ಡಿಸ್ಕ್ ಇರುವ ಕಾರಿಗೆ ಇನ್ನೂ ದೊಡ್ಡ ಕ್ಯಾಲಿಪರ್ ಕೂಡಿಸುವುದು ವಾಹನಪ್ರಿಯ ತರುಣರ ನೆಚ್ಚಿನ ಹವ್ಯಾಸ. ಆದರೆ ಸಾವಿರಾರು ರೂಪಾಯಿ ಸುರಿದು ಹೊಸ ಬ್ರೇಕ್ ಜೋಡಿಸಿ ತುಳಿದರೆ, ಪೆಡಲ್ ಹತ್ತಿಯ ದಿಂಬಿನಂತೆ ಒಳಗಿಳಿಯುವುದುಂಟು! ‘ನಾಲ್ಕು ದಿನ ಓಡಿಸಿದರೆ ಸರಿಹೋಗುತ್ತದೆ’ ಎಂದು ಹಾಗೆಯೇ ರಸ್ತೆಗಿಳಿಯುವುದು ಪ್ರಾಣದೊಡನೆ ಆಡುವ ಜೂಜು.

ಇದರ ಗುಟ್ಟು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ. ಕಾಲು ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ನೂಕುತ್ತದೆ; ಅದು ಕ್ಯಾಲಿಪರಿನ ಪಿಸ್ಟನ್ನನ್ನು ಒತ್ತಿ, ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ದ್ರವ ಕುಗ್ಗುವುದು ತೀರ ಅತ್ಯಲ್ಪ. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ.

ಗಾಳಿಯ ಚೇಷ್ಟೆ

ಆದ್ದರಿಂದ ಮೊದಲ ಅನುಮಾನ ಗಾಳಿಯ ಮೇಲೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಏರ್ ಹಿಡಿದಿದೆ’. ಪೈಪು ಬಿಚ್ಚಿದಾಗಲೆಲ್ಲ ಗಾಳಿ ಒಳನುಗ್ಗುತ್ತದೆ. ಸಹಾಯಕನೊಬ್ಬ ಪೆಡಲ್ ತುಳಿದು ಹಿಡಿದಿರುವಾಗ ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿ, ಅವನು ಕಾಲೆತ್ತುವ ಮೊದಲೇ ಬಿಗಿಯಬೇಕು. ಗುಳ್ಳೆ ನಿಲ್ಲುವವರೆಗೂ ಇದೇ ಕೆಲಸ. ನಡುವೆ ಆಯಿಲ್ ಡಬ್ಬಿ ಬರಿದಾದರೆ ಮತ್ತೆ ಮೊದಲಿಂದ!

ಎಷ್ಟು ಸಲ ತೆಗೆದರೂ ಗಾಳಿ ಹೋಗದಿದ್ದರೆ ನಿಪ್ಪಲ್ ಎಲ್ಲಿದೆಯೆಂದು ನೋಡಬೇಕು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಕುಳಿತರೆ ನಿಪ್ಪಲ್ ಕೆಳಗಾಗುತ್ತದೆ. ಗುಳ್ಳೆ ಮೇಲೇರುವ ಜಾತಿಯದು. ಕೆಳಗಿನ ಬಾಗಿಲಿನಿಂದ ಅದು ಹೊರಬೀಳುವುದೆಂತು?

ತಪ್ಪಿದ ಲೆಕ್ಕ

ಗಾಳಿಯೆಲ್ಲ ಹೋದ ಮೇಲೂ ಪೆಡಲ್ ಬಹಳ ಕೆಳಗಿಳಿದರೆ ಮೂಗುತಿ ಭಾರವಾಗಿದೆಯೆಂದೇ ಅರ್ಥ. ಕ್ಯಾಲಿಪರ್ ಪಿಸ್ಟನ್ನಿನ ವ್ಯಾಸ 48 ಮಿ.ಮೀ.ನಿಂದ 54ಕ್ಕೆ ಏರಿತೆನ್ನಿ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಪ್ಯಾಡ್ ಅಷ್ಟೇ ದೂರ ಸರಿಯಲು ಸುಮಾರು ಶೇ. 27ರಷ್ಟು ಹೆಚ್ಚು ಆಯಿಲ್ ಬೇಕು. ಹಳೆಯ ಮಾಸ್ಟರ್ ಸಿಲಿಂಡರ್ ಅಷ್ಟನ್ನು ನೂಕಬೇಕಾದರೆ ಪೆಡಲ್ ಇನ್ನಷ್ಟು ಇಳಿಯಲೇಬೇಕು. ಹಾಗೆಂದು ಸಿಲಿಂಡರನ್ನು 20 ಮಿ.ಮೀ.ನಿಂದ 22ಕ್ಕೆ ಏರಿಸಿದರೆ, ಅದೇ ಒತ್ತಡಕ್ಕೆ ಕಾಲು ಶೇ. 21ರಷ್ಟು ಹೆಚ್ಚು ಬಲ ಹಾಕಬೇಕಾಗುತ್ತದೆ. ಒಂದು ಗಳಿಸಿದರೆ ಇನ್ನೊಂದು ಕಳೆಯಿತು!

ಕಾಲೇ ವೈದ್ಯ

ಹಣ ತೆತ್ತು ಬಿಡಿಭಾಗ ಬದಲಿಸುವ ಮುನ್ನ, ನಿಂತ ಕಾರಿನಲ್ಲಿ ಕಾಲಿನಿಂದಲೇ ಪರೀಕ್ಷಿಸಬಹುದು. ಎರಡು ಮೂರು ಸಲ ಬೇಗಬೇಗ ತುಳಿದಾಗ ಪೆಡಲ್ ಮೇಲೆದ್ದರೆ ಗಾಳಿ ಉಳಿದಿರಬೇಕು, ಇಲ್ಲವೇ ಹಿಂದಿನ ಡ್ರಮ್‌ಗಳಲ್ಲಿ ಸಡಿಲವಿರಬೇಕು. ಒತ್ತಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಎಲ್ಲೋ ಸೋರಿಕೆಯಿದೆ ಅಥವಾ ಮಾಸ್ಟರ್ ಸಿಲಿಂಡರಿನ ಸೀಲು ಕೆಟ್ಟಿದೆ. ಹೀಗಾದರೆ ಕಾರನ್ನು ಒಂದಡಿಯೂ ಓಡಿಸಬಾರದು. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದ್ದರೂ ಪೆಡಲ್ ಮೆತ್ತಗಾಗುತ್ತದೆ. ಆದರೆ ಬೂಸ್ಟರ್ ಇರುವ ಕಾರಿನಲ್ಲಿ ಎಂಜಿನ್ ಚಾಲೂ ಆದೊಡನೆ ಪೆಡಲ್ ಕೊಂಚ ಇಳಿಯುವುದು ಸಹಜ. ಅದಕ್ಕೆ ಗಾಬರಿ ಬೇಡ.

ಆಯಿಲಿನ ವಿಷಯದಲ್ಲೂ ಜಿಪುಣತನ ಸಲ್ಲದು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಹೀರಿದ ಆಯಿಲಿಗೆ ಈ ಮಿತಿ 155 ಡಿಗ್ರಿ ಮಾತ್ರ. ಘಾಟಿ ಇಳಿಯುವಾಗ ಬ್ರೇಕ್ ಕಾದು ಆಯಿಲ್ ಕುದಿದರೆ, ಹುಟ್ಟಿದ ಆವಿ ಗಾಳಿಯಂತೆಯೇ ಕುಗ್ಗುತ್ತದೆ. ಒಮ್ಮೆ ಹೊರತೆಗೆದ ಆಯಿಲನ್ನು ಮತ್ತೆ ಸುರಿಯಲೇಬಾರದು.

ಮಗ ಅಥವಾ ಮಗಳು ಹೊಸ ಬ್ರೇಕಿಗೆಂದು ಹಣ ಕೇಳಿದರೆ ತಂದೆತಾಯಂದಿರು ಕೇಳಬೇಕಾದ ಪ್ರಶ್ನೆ, ‘ಬೆಲೆ ಎಷ್ಟು?’ ಎಂಬುದೊಂದೇ ಅಲ್ಲ. ‘ಮಾಸ್ಟರ್ ಸಿಲಿಂಡರಿಗೆ ಇದು ಹೊಂದುತ್ತದೆಯೇ? ಕಾನೂನು ಒಪ್ಪುತ್ತದೆಯೇ?’ ಎಂದೂ ಕೇಳಬೇಕು. ತಯಾರಕರ ವಿವರಗಳನ್ನು ಮೀರಿದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಲೆಕ್ಕ ಮೊದಲು ಕಾಗದದ ಮೇಲೆ ಸರಿಹೋಗಲಿ, ಕಾರು ಆಮೇಲೆ ರಸ್ತೆಗಿಳಿಯಲಿ.