ಹಳೆಯ ಜೀಪಿಗೆ ಹೊಸ ಬ್ರೇಕು

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪಿನ ನಾಲ್ಕೂ ಗಾಲಿಗಳಲ್ಲಿ ಇದ್ದದ್ದು 9 ಇಂಚಿನ ಡ್ರಮ್ ಬ್ರೇಕು. ಸುಮಾರು 1,100 ಕಿಲೋ ತೂಕದ, 60 ಅಶ್ವಶಕ್ತಿಯ ಆ ಗಾಡಿಗೆ ಅಂದಿನ ವೇಗದಲ್ಲಿ ಅಷ್ಟು ಸಾಕಿತ್ತು. ಮುಂದೆ ಮಹೀಂದ್ರಾ ಕಂಪನಿ ವಿಲ್ಲೀಸ್ ಪರವಾನಗಿಯಲ್ಲಿ ಭಾರತದಲ್ಲೇ ಜೀಪು ತಯಾರಿಸಿತು. ಆ ಸಂತತಿ ಮಲೆನಾಡಿನ ಕಾಫಿ ತೋಟಗಳಲ್ಲಿ, ಕೊಡಚಾದ್ರಿಯ, ಮಾಂದಲಪಟ್ಟಿಯ ಕಲ್ಲುದಾರಿಗಳಲ್ಲಿ ಇಂದಿಗೂ ದುಡಿಯುತ್ತಿದೆ. ಎಷ್ಟೋ ಹಳೆಯ ಗಾಡಿಗಳಿಗೆ ಡೀಸೆಲ್ ಎಂಜಿನ್ ಬಂದಿದೆ, ಟೈರು ದೊಡ್ಡದಾಗಿದೆ, ಹೊರೆ ಹೆಚ್ಚಿದೆ. ಬ್ರೇಕು ಮಾತ್ರ ಹಳೆಯದೇ. ಟೈರು ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತ ನೆಲ ಮುಟ್ಟುವ ಹೊತ್ತಿಗೆ ಕಡಿಮೆಯಾಗುತ್ತದೆ ಎಂಬುದನ್ನು ಟೈರು ಬದಲಿಸುವಾಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಪೈಪುಗಳಲ್ಲಿ ಹಾಯ್ದು ಪ್ರತಿ ಗಾಲಿಯ ವೀಲ್ ಸಿಲಿಂಡರ್ ತಲುಪುತ್ತದೆ. ಅದು ಎರಡು ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಗಾಡಿ ನಿಲ್ಲುವಾಗ ಭಾರ ಮುಂದಕ್ಕೆ ವಾಲುವುದರಿಂದ ವಿಲ್ಲೀಸಿನ ಮುಂದಿನ ವೀಲ್ ಸಿಲಿಂಡರ್ 1 ಇಂಚಿನದು, ಹಿಂದಿನದು ಮುಕ್ಕಾಲು ಇಂಚಿನದು. ಈ ಏರ್ಪಾಡಿಗೆ ಮೂರು ದೌರ್ಬಲ್ಯಗಳಿವೆ. ಹಳ್ಳ ದಾಟಿದರೆ ಡ್ರಮ್ಮಿನೊಳಗೆ ನೀರೂ ಕೆಸರೂ ಸೇರಿ, ಒಣಗುವವರೆಗೆ ಬ್ರೇಕು ಹಿಡಿಯದು. ಉದ್ದನೆಯ ಘಾಟಿ ಇಳಿಯುವಾಗ ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಕುಂದುತ್ತದೆ. ಮೂರನೆಯದೇ ಎಲ್ಲಕ್ಕಿಂತ ಅಪಾಯದ್ದು: ನಾಲ್ಕು ಗಾಲಿಗಳಿಗೂ ಆಯಿಲ್ ಹೋಗುವ ದಾರಿ ಒಂದೇ. ಎಲ್ಲೋ ಒಂದು ರಬ್ಬರ್ ಹೋಸ್ ಒಡೆದರೆ ಇಡೀ ಗಾಡಿಗೆ ಬ್ರೇಕಿಲ್ಲ.

ಸುಧಾರಣೆಯ ಮೊದಲ ಹೆಜ್ಜೆ ಇದ್ದುದನ್ನೇ ಸರಿಪಡಿಸುವುದು. ತುಕ್ಕು ಹಿಡಿದ ಪೈಪು, ಬಿರುಕುಬಿಟ್ಟ ಹೋಸ್, ಸೋರುವ ವೀಲ್ ಸಿಲಿಂಡರ್ ಬದಲಾಗಬೇಕು. ಡ್ರಮ್ಮಿನ ಗೀರು, ಅಂಡಾಕಾರ ಲೇತಿನಲ್ಲಿ ಹೋಗಬೇಕು. ಸವೆತ ಮಿತಿ ಮೀರಿದ್ದರೆ ಹೊಸ ಡ್ರಮ್ಮೇ ಬೇಕು. ಆಮೇಲೆ ಶೂ ಸೆಟ್ಟಿಂಗು. ಗಾಲಿಯನ್ನು ಜಾಕಿನಲ್ಲಿ ಎತ್ತಿ ಕೈಯಲ್ಲಿ ತಿರುಗಿಸುತ್ತ, ಬ್ಯಾಕ್ ಪ್ಲೇಟಿನ ಹಿಂದಿನ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುವಿ ಶೂ ಡ್ರಮ್ಮಿಗೆ ತಾಗಿಸಬೇಕು. ಉಜ್ಜುವ ಸದ್ದು ಕೇಳಿದ ಮೇಲೆ ಗಾಲಿ ಸಲೀಸಾಗಿ ತಿರುಗುವಷ್ಟೇ ಹಿಂದಕ್ಕೆ ಬಿಡಬೇಕು. ಎಡಬಲಗಳ ಸೆಟ್ಟಿಂಗು ಒಂದೇ ಸಮ ಇರದಿದ್ದರೆ ಬ್ರೇಕು ಹಾಕಿದಾಗಲೆಲ್ಲ ಜೀಪು ಒಂದು ಕಡೆಗೆ ಎಳೆಯುತ್ತದೆ. ಬ್ರೇಕಿಲ್ಲವೆಂದು ಗ್ಯಾರೇಜಿಗೆ ಬರುವ ಅನೇಕ ಜೀಪುಗಳಿಗೆ ಇಷ್ಟೇ ಸಾಕಾಗುತ್ತದೆ.

ಎರಡನೆಯದು ಜೋಡಿ ಮಾಸ್ಟರ್ ಸಿಲಿಂಡರ್. ಇದರಲ್ಲಿ ಮುಂದಿನ ಗಾಲಿಗಳಿಗೆ ಒಂದು ದಾರಿ, ಹಿಂದಿನವಕ್ಕೆ ಇನ್ನೊಂದು. ಒಂದು ಕೈಕೊಟ್ಟರೂ ಇನ್ನೊಂದು ಗಾಡಿ ನಿಲ್ಲಿಸುತ್ತದೆ. ಹಣ ಒಂದೇ ಕೆಲಸಕ್ಕೆ ಸಾಲುವಂತಿದ್ದರೆ ಡಿಸ್ಕ್ ಬ್ರೇಕಿಗಿಂತ ಮೊದಲು ಇದನ್ನೇ ಮಾಡಿಸಬೇಕು. ಡಿಸ್ಕಿನಷ್ಟು ಕಣ್ಣಿಗೆ ಬೀಳದ ಕಾರಣ ಇದು ಹಿಂದೆ ಬೀಳುತ್ತದೆ.

ಹಿಡಿತ ಹೆಚ್ಚಿಸಲು ದಾರಿ ಎರಡು. ವಿಲ್ಲೀಸ್ ವಂಶದ ನಂತರದ ಅಮೆರಿಕನ್ ಜೀಪುಗಳಲ್ಲಿ 10, 11 ಇಂಚಿನ ಡ್ರಮ್ಮುಗಳು ಬಂದವು. ಅವನ್ನು ಕೂಡಿಸಿದರೆ ಗಾಡಿಯ ಹಳೆಯ ರೂಪ ಕೆಡುವುದಿಲ್ಲ. ಇನ್ನೊಂದು, ಮುಂದಿನ ಗಾಲಿಗಳಿಗೆ ಡಿಸ್ಕು. ತೆರೆದ ಡಿಸ್ಕು ನೀರನ್ನು ಕೊಡವಿಕೊಳ್ಳುತ್ತದೆ, ಬೇಗ ತಣಿಯುತ್ತದೆ. ಆದರೆ ತಿರುಗುವ ಡ್ರಮ್ಮು ಮುಂದಿನ ಶೂವನ್ನು ತಾನೇ ಒಳಕ್ಕೆಳೆದುಕೊಂಡು ಬಲ ಕೂಡಿಸುವಂತೆ ಡಿಸ್ಕು ಮಾಡದು. ಹಾಗಾಗಿ ಅದಕ್ಕೆ ಹೆಚ್ಚು ಒತ್ತಡ ಬೇಕು, ಪೆಡಲ್ ಗಟ್ಟಿಯಾಗುತ್ತದೆ. ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಬೇಕಾಗುವುದು ಇಲ್ಲಿಯೇ. ಪೆಟ್ರೋಲ್ ಎಂಜಿನ್ನಿನಲ್ಲಿ ಅದಕ್ಕೆ ಬೇಕಾದ ನಿರ್ವಾತ ತಾನಾಗಿ ಸಿಗುತ್ತದೆ. ಡೀಸೆಲಿಗೆ ಪ್ರತ್ಯೇಕ ವ್ಯಾಕ್ಯೂಮ್ ಪಂಪು ಇರಲೇಬೇಕು.

ಹಳೆಯ ಜೀಪಿಗೆ ವಿಶೇಷವಾದ ಇನ್ನೊಂದು ತೊಡಕಿದೆ. ಮಾಸ್ಟರ್ ಸಿಲಿಂಡರ್ ಇರುವುದು ಚಾಲಕನ ಕಾಲಡಿಯ ಚಾಸಿಯಲ್ಲಿ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಅದಕ್ಕಿಂತ ಎತ್ತರದಲ್ಲಿದ್ದರೆ ಆಯಿಲ್ ಹಿಂದಕ್ಕೆ ಜಾರಿ, ಮುಂದಿನ ಸಲ ಪೆಡಲ್ ಆಳಕ್ಕೆ ಹೋಗುತ್ತದೆ. ಡಿಸ್ಕಿನ ಸಾಲಿನಲ್ಲಿ 2 ಪಿಎಸ್‌ಐ ಒತ್ತಡ ಉಳಿಸುವ ಚಿಕ್ಕ ವಾಲ್ವು ಇದನ್ನು ತಡೆಯುತ್ತದೆ. ಡ್ರಮ್ಮಿನ ಸಾಲಿಗೆ 10 ಪಿಎಸ್‌ಐ ವಾಲ್ವು. ಅದಲುಬದಲಾದರೆ ಡಿಸ್ಕು ಸದಾ ಉಜ್ಜಿ ಕಾಯುತ್ತದೆ. ಹಿಂದಿನ ಗಾಲಿ ಮೊದಲೇ ಕಚ್ಚಿಕೊಂಡು ಗಾಡಿ ತಿರುಗಿಬೀಳದಂತೆ ಹಿಂಬದಿಯ ಒತ್ತಡ ಮಿತಗೊಳಿಸುವ ವಾಲ್ವೂ ಬೇಕಾಗಬಹುದು.

ಹ್ಯಾಂಡ್‌ಬ್ರೇಕನ್ನು ಮರೆಯಬಾರದು. ವಿಲ್ಲೀಸಿನಲ್ಲಿ ಅದು ಗಾಲಿಯಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದೆ, ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿ ಜಾರುನೆಲದ ಮೇಲಿದ್ದರೆ ನಿಲ್ಲಿಸಿದ ಗಾಡಿಯೂ ಉರುಳಬಹುದು. ಇಳಿಜಾರಿನಲ್ಲಿ ಗಾಲಿಗೆ ಕಲ್ಲು ಕೊಡುವ ರೂಢಿ ಬಿಡಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು; ತೇವ ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಅವು 230 ಮತ್ತು 155. ಮಲೆನಾಡಿನ ಮಳೆ, ಘಾಟಿಯ ಕಾವು ಎರಡನ್ನೂ ನೋಡುವ ಗಾಡಿಗೆ ಡಾಟ್ 4 ಮೇಲು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಗೆ ಭಿನ್ನವಾಗುವ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಡಿಸ್ಕು, ಬೂಸ್ಟರ್ ಕೂಡಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಕೆಲಸ ಮುಗಿದ ಮೇಲೆ ಪೈಪುಗಳ ಗಾಳಿ ಪೂರ್ತಿ ತೆಗೆಯಬೇಕು. ಪೆಡಲ್ ಮೆತ್ತಗಿದ್ದರೆ ಗಾಳಿ ಉಳಿದಿದೆ ಎಂದೇ ಅರ್ಥ. ಮೊದಲು ಮಟ್ಟಸವಾದ ಖಾಲಿ ಜಾಗದಲ್ಲಿ ನಿಧಾನ ವೇಗದಲ್ಲಿ ಹಲವು ಸಲ ನಿಲ್ಲಿಸಿ, ಜೋಡಣೆಗಳಲ್ಲಿ ಆಯಿಲ್ ಸೋರುತ್ತಿದೆಯೇ, ಗಾಡಿ ಪಕ್ಕಕ್ಕೆ ಎಳೆಯುತ್ತಿದೆಯೇ ನೋಡಬೇಕು. ಘಾಟಿಗೆ ಇಳಿಸುವುದು ಆಮೇಲೆ, ಅದೂ ಚಿಕ್ಕ ಗೇರಿನಲ್ಲಿ.