ಕಾಲು ತೆಗೆದರೆ ಕ್ಯಾನ್ಸರ್ ಬೇರುಸಮೇತ ಹೋಗುತ್ತದೆಯೇ?

"ಕಾಲು ಹೋದರೆ ಹೋಗಲಿ, ಜೀವ ಉಳೀಲಿ. ಉಳಿಸ್ಕೊಂಡ್ರೆ ಕಾಯಿಲೆ ಒಳಗೇ ಕೂತಿರುತ್ತೆ." ತುಮಕೂರಾಗಲಿ, ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ಮಗುವಿಗೆ ಮೂಳೆ ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಹಿರಿಯರು ಹೀಗೆ ಹೇಳುವುದು ಪ್ರೀತಿಯಿಂದಲೇ. ಆದರೆ ಅದು ನಿಜವಲ್ಲ. ನಿಜವಲ್ಲವೆಂದು ಗೊತ್ತಾಗಿ ಸುಮಾರು ನಲವತ್ತು ವರ್ಷಗಳೇ ಆದವು.

ಮಂಡಿಯ ಆಸುಪಾಸಿನಲ್ಲಿ, ಹೆಚ್ಚಾಗಿ ಹತ್ತರಿಂದ ಇಪ್ಪತ್ತರ ವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಆಸ್ಟಿಯೊಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್‌ಗೆ 1970ರ ದಶಕದವರೆಗೆ ಕಾಲು ತೆಗೆಯುವುದೇ ಚಿಕಿತ್ಸೆಯಾಗಿತ್ತು. ಹಾಗೆ ತೆಗೆಸಿಕೊಂಡವರಲ್ಲೂ ನೂರಕ್ಕೆ ಸುಮಾರು ಎಂಬತ್ತು ಮಂದಿ ಬದುಕಲಿಲ್ಲ. ಗಡ್ಡೆ ಕಣ್ಣಿಗೆ ಬೀಳುವ ಹೊತ್ತಿಗೇ ಅದರ ಕಣಗಳು ರಕ್ತದ ಜೊತೆ ಶ್ವಾಸಕೋಶ ಸೇರಿರುತ್ತಿದ್ದವು. ತೊಡೆಯಲ್ಲಿ ಆಡಿದ ಗರಗಸ ಅಲ್ಲಿಗೆ ಮುಟ್ಟೀತು ಹೇಗೆ?

ಇದೇ ಕ್ಯಾನ್ಸರ್‌ಗಾಗಿ ಕೆನಡಾದ ಟೆರ್ರಿ ಫಾಕ್ಸ್‌ನ ಬಲಗಾಲನ್ನು 1977ರಲ್ಲಿ ಮಂಡಿಯಿಂದ ಮೇಲೆ ಕತ್ತರಿಸಲಾಯಿತು. 1980ರಲ್ಲಿ ಆತ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ. ಕ್ಯಾನ್ಸರ್ ಶ್ವಾಸಕೋಶದಲ್ಲಿ ಕಾಣಿಸಿಕೊಂಡು ಓಟ ನಿಂತಿತು. ಮರುವರ್ಷ ತೀರಿಕೊಂಡಾಗ ಅವನಿಗೆ 22 ವರ್ಷ.

ಚಿತ್ರ ಬದಲಿಸಿದ್ದು ಕಿಮೋಥೆರಪಿ. ಬೇರೆಡೆ ಹರಡಿದ್ದು ಸ್ಕ್ಯಾನ್‌ನಲ್ಲಿ ಕಾಣದ ಹಂತದಲ್ಲೇ ರೋಗ ಪತ್ತೆಯಾದರೆ ಇಂದು ನೂರಕ್ಕೆ ಅರವತ್ತರಿಂದ ಎಪ್ಪತ್ತು ಮಂದಿ ಉಳಿಯುತ್ತಾರೆ. 1986ರಲ್ಲಿ 26 ಸಂಸ್ಥೆಗಳ 227 ರೋಗಿಗಳ ಅಧ್ಯಯನ ಪ್ರಕಟವಾಯಿತು. ಎಲ್ಲರಿಗೂ ಮಂಡಿಯ ಮೇಲಿನ ತೊಡೆಮೂಳೆಯಲ್ಲೇ ಗಡ್ಡೆ. ಸೊಂಟದ ಕೀಲಿನಿಂದಲೇ ಕಾಲು ತೆಗೆಸಿಕೊಂಡ 39 ಮಂದಿಯಲ್ಲಿ ಆ ಜಾಗದಲ್ಲಿ ಗಡ್ಡೆ ಮರಳಲಿಲ್ಲ. ಕಾಲು ಉಳಿಸಿಕೊಂಡ 73 ಮಂದಿಯಲ್ಲಿ 8 ಜನರಿಗೆ ಮರಳಿತು. ಆದರೂ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ. ಹೆಚ್ಚು ಕತ್ತರಿಸಿದ್ದಕ್ಕೆ ಹೆಚ್ಚು ಆಯುಸ್ಸು ಸಿಗಲಿಲ್ಲ. 1994ರಲ್ಲಿ ಬಂದ ದೀರ್ಘಾವಧಿ ವರದಿಯೂ ಇದನ್ನೇ ಹೇಳಿತು.

ಹಾಗೆಂದು ಉಳಿಸಿದ ಕಾಲು ಹಳೆಯ ಕಾಲೇ ಆಗುತ್ತದೆಂದು ನಂಬಿಸುವುದೂ ತಪ್ಪು. ತೆಗೆದ ಮೂಳೆಯ ಬದಲು ಒಳಗೆ ಕೂರಿಸಿದ ಲೋಹದ ಕೀಲು ಸಡಿಲವಾಗಬಹುದು, ವರ್ಷಗಳ ನಂತರವೂ ಸೋಂಕು ತಗಲಬಹುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೆಳೆಯುವ ಮಕ್ಕಳಲ್ಲಿ ಎರಡು ಕಾಲಿನ ಉದ್ದ ಸರಿದೂಗಿಸುವುದೇ ದೊಡ್ಡ ಕೆಲಸ. ಮುಖ್ಯ ರಕ್ತನಾಳ, ನರಗಳನ್ನು ಗಡ್ಡೆ ಸುತ್ತಿಕೊಂಡಿದ್ದರೆ ಕಾಲು ತೆಗೆಯುವುದೇ ಸರಿ, ಅದರಲ್ಲಿ ಸೋಲೇನಿಲ್ಲ. ಆ ತೀರ್ಮಾನ ಮಾತ್ರ ಸ್ಕ್ಯಾನ್ ನೋಡಿ ಆಗಬೇಕು, ಜಗಲಿಯ ಮೇಲಲ್ಲ.

ಉಳಿದ ನಂಬಿಕೆಗಳು: ಬಿದ್ದ ಪೆಟ್ಟಿನಿಂದ ಮೂಳೆ ಕ್ಯಾನ್ಸರ್ ಬರುವುದಿಲ್ಲ; ಪೆಟ್ಟು ಒಳಗಿದ್ದದ್ದನ್ನು ಗಮನಕ್ಕೆ ತರುತ್ತದೆ, ಅಷ್ಟೆ. ಬಯಾಪ್ಸಿಯ ಸೂಜಿ ಚುಚ್ಚಿದರೆ ಹರಡುತ್ತದೆಂದು ಹೆದರಿ ಓಡಬೇಕಿಲ್ಲ, ಆದರೆ ಮುಂದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೇ ಅದನ್ನು ಮಾಡಿಸಬೇಕು. ತಪ್ಪು ಜಾಗದ ಬಯಾಪ್ಸಿಯಿಂದ ಕಾಲು ಕಳೆದುಕೊಂಡವರಿದ್ದಾರೆ. ಗಡ್ಡೆಯ ಮೇಲೆ ಎಣ್ಣೆ ತಿಕ್ಕಿಸುವುದು, ಬಿಗಿಯಾಗಿ ಕಟ್ಟು ಹಾಕಿಸುವುದು ಬೇಡವೇ ಬೇಡ.

ಬೇಸರ ತರಿಸುವುದು ಅಜ್ಞಾನವಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿರಬೇಕಿಲ್ಲ. ಸೈಟು ಕೊಳ್ಳುವಾಗ ಹತ್ತು ದಾಖಲೆ ಕೇಳುವ ಮನುಷ್ಯ ಮಗುವಿನ ಕಾಲಿನ ವಿಷಯದಲ್ಲಿ ವಾಟ್ಸ್ಆಪ್‌ಗೆ ಬಂದ ಸಾಲನ್ನು ಪ್ರಶ್ನಿಸದೆ ನಂಬುವುದು ಕಾಡುತ್ತದೆ. ನಾಟಿ ಕಟ್ಟಿನಲ್ಲಿ ಎರಡು ತಿಂಗಳು ಕಳೆದರೆ ಉಳಿಯಬಹುದಾಗಿದ್ದ ಕಾಲೂ ಉಳಿಯದೆ ಹೋಗಬಹುದು.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ತುಮಕೂರಿಗೂ ಕುಣಿಗಲ್ಲಿಗೂ ಎರಡು-ಮೂರು ಗಂಟೆಯ ದಾರಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆದು ಹೋಗಿ. ಬೆಳೆಯುವ ಮಗುವಿನ ಮಂಡಿಯ ಬಳಿ ರಾತ್ರಿ ಹೆಚ್ಚುವ ನೋವು ಅಥವಾ ಊತ ವಾರಗಟ್ಟಲೆ ಇಳಿಯದಿದ್ದರೆ ಮೊದಲು ಎಕ್ಸ್-ರೇ ತೆಗೆಸಿ.