ಊಟದ ಮೇಜಿಗೆ ಮಗುವಿನ ಕುರ್ಚಿ

ಗೋಕಾಕ ಜಲಪಾತ ನೋಡಿಕೊಂಡು ಬಂದ ಕುಟುಂಬವೊಂದು ಊಟಕ್ಕೆ ಖಾನಾವಳಿಯಲ್ಲಿ ಕುಳಿತಿದೆ ಎಂದುಕೊಳ್ಳಿ. ತಾಯಿಯ ತೊಡೆಯ ಮೇಲೆ ಎರಡು ವರ್ಷದ ಮಗು. ಅವಳ ಒಂದು ಕೈ ಮಗುವಿಗೆ, ಇನ್ನೊಂದು ಕೈ ರೊಟ್ಟಿಗೆ. ಬಿಸಿ ಸಾರಿನ ಬಟ್ಟಲು ಮಗುವಿನ ಕೈಗೆಟಕುವಷ್ಟು ಹತ್ತಿರ. ಮೂಡಲಗಿ, ಹುಕ್ಕೇರಿಗಳಲ್ಲಿಯೂ ಈ ನೋಟ ಹೊಸದಲ್ಲ. ಮಗುವನ್ನು ಬೇರೆ ಕುರ್ಚಿಯಲ್ಲಿ ಕೂರಿಸಬಾರದೇಕೆ?

ಲೆಕ್ಕ ಹಾಕಿ ನೋಡೋಣ. ಊಟದ ಮೇಜಿನ ಎತ್ತರ ಸುಮಾರು 75 ಸೆಂ.ಮೀ., ಕುರ್ಚಿಯ ಆಸನದ್ದು ಸುಮಾರು 45 ಸೆಂ.ಮೀ. ನಡುವಿನ ಅಂತರ 30 ಸೆಂ.ಮೀ. ಇದು ದೊಡ್ಡವರ ಮೊಣಕೈ ಮಟ್ಟಕ್ಕೆ ಹತ್ತಿರ. ಎರಡು ವರ್ಷದ ಮಗುವಿಗಾದರೋ ಭುಜದ ಮಟ್ಟ! ತಟ್ಟೆ ಕಾಣದ ಮಗು ಎದ್ದು ನಿಲ್ಲುತ್ತದೆ, ಬಾಗುತ್ತದೆ, ಬೀಳುತ್ತದೆ. ತಪ್ಪು ಮಗುವಿನದಲ್ಲ, ಕುರ್ಚಿಯದು.

ಆದ್ದರಿಂದ ಮಗುವಿನ ಕುರ್ಚಿಯ ಆಸನ ಎತ್ತರದಲ್ಲಿರಬೇಕು. ಆದರೆ ಎತ್ತರ ಹೆಚ್ಚಿದಷ್ಟೂ ಉರುಳುವ ಭಯ ಹೆಚ್ಚು. ನಿಮ್ಮ ಭೌತಶಾಸ್ತ್ರದ ಪಾಠ ಇಲ್ಲಿ ನೆರವಾಗುತ್ತದೆ. ಗುರುತ್ವ ಕೇಂದ್ರದಿಂದ ಇಳಿಬಿಟ್ಟ ಲಂಬರೇಖೆಯು ಕಾಲುಗಳು ಸುತ್ತುವರಿದ ಜಾಗದೊಳಗೆ ಇರುವವರೆಗೆ ಕುರ್ಚಿ ಉರುಳದು. ಕಾಲುಗಳು ಕೆಳಗೆ ಹೋದಂತೆ ಹೊರಕ್ಕೆ ಚಾಚಿರಬೇಕು ಎನ್ನುವುದು ಇದಕ್ಕೇ.

ಎರಡನೆಯದು ಪಟ್ಟಿ. ಸೊಂಟಕ್ಕೊಂದು, ಕಾಲುಗಳ ನಡುವೆ ಒಂದು ಬೇಕು. ನಡುವಿನ ಪಟ್ಟಿ ಇಲ್ಲದಿದ್ದರೆ ಮಗು ಕೆಳಕ್ಕೆ ಜಾರಿ, ಕತ್ತು ಸಿಕ್ಕಿಕೊಳ್ಳಬಹುದು. ಮುಂದಿನ ತಟ್ಟೆಹಲಗೆ ಪಟ್ಟಿಗೆ ಬದಲಿಯಲ್ಲ. ಆಧಾರವಿಲ್ಲದೆ ಕೂರಲು ಬಾರದ ಕೂಸನ್ನು ಇದರಲ್ಲಿ ಕೂರಿಸಲೇಬಾರದು.

ಮೂರನೆಯದು ಪಾದಗಳಿಗೆ ಆಸರೆ. ಕಾಲು ಜೋತಾಡುತ್ತಿದ್ದರೆ ಮಗು ನೆಟ್ಟಗೆ ಕೂರಲಾರದು. ನಾರ್ವೆಯ ಪೀಟರ್ ಆಪ್ಸ್‌ವಿಕ್ 1972ರಲ್ಲಿ ರೂಪಿಸಿದ ಟ್ರಿಪ್ ಟ್ರಾಪ್ ಕುರ್ಚಿಯಲ್ಲಿ ಆಸನವನ್ನೂ ಪಾದದ ಹಲಗೆಯನ್ನೂ ಮಗು ಬೆಳೆದಂತೆ ಸರಿಸಬಹುದು.

ಖಾನಾವಳಿಯವರಿಗೆ ಬೇರೆ ಚಿಂತೆಗಳೂ ಉಂಟು. ಸಂದುಗಳು ಕಡಿಮೆಯಿದ್ದರೆ ಅನ್ನದ ಅಗುಳು ಉಳಿಯದು, ಒರೆಸುವುದು ಸುಲಭ. ಒಂದರ ಮೇಲೊಂದು ಪೇರಿಸಿಡುವಂತಿದ್ದರೆ ಜಾಗ ಉಳಿತಾಯ. ಇನ್ನು ಮರದ ಮಾತು. ಗೋಕಾಕದ ಹೆಸರಾಂತ ಬೊಂಬೆಗಳಿಗೆ ಕೆತ್ತಲು ಸುಲಭವಾದ ಹಗುರ ಮರವೇ ಸರಿ. ಕುರ್ಚಿಗೆ ಅದು ತಾಳದು. ಸಾಗವಾನಿಯಂಥ ಗಟ್ಟಿ ಮರ ಬೇಕು. ಅಂಚುಗಳನ್ನು ಉಜ್ಜಿ ದುಂಡಗೆ ಮಾಡಿರಬೇಕು. ಸರಿಯಾದ ಅಳತೆ ಕೊಟ್ಟರೆ ನಮ್ಮೂರಿನ ಬಡಿಗರೇ ಇಂಥದ್ದನ್ನು ಮಾಡಿಕೊಡಬಲ್ಲರು.

ಮುಂದಿನ ಸಲ ಊಟಕ್ಕೆ ಹೋದಾಗ ನೀವೇ ಪರೀಕ್ಷಿಸಿ. ಖಾಲಿ ಕುರ್ಚಿಯನ್ನು ಮೆಲ್ಲಗೆ ಅಲುಗಿಸಿರಿ. ಪಟ್ಟಿಯ ಕೊಂಡಿ ಎಳೆದು ನೋಡಿರಿ. ಪಾದಕ್ಕೆ ಹಲಗೆ ಇದೆಯೇ ಗಮನಿಸಿರಿ. ಮೂರೂ ಸರಿಯಿದ್ದರೆ, ಬಿಸಿ ಬಟ್ಟಲನ್ನು ದೂರ ಸರಿಸಿ ಮಗುವನ್ನು ಕೂರಿಸಬಹುದು. ಆ ತಾಯಿಯೂ ರೊಟ್ಟಿ ಆರುವ ಮೊದಲೇ ಉಣ್ಣಬಹುದು.